ಫೆರೋಸೀನಿನ ದುರಸ್ತಿ

ಕಬ್ಬಿಣವಿರುವ ಯಾವ ವಸ್ತುವೂ ಖರ್ಚಾಗುವುದಿಲ್ಲ ಎಂಬುದು ಉಣಕಲ್ ರಸ್ತೆಯ ನಮ್ಮ ವಿಜ್ಞಾನ ಮಹಾವಿದ್ಯಾಲಯದ ಖಾಯಂ ನಿಯಮ. ಕುರ್ಚಿ, ಕಪಾಟು, ಬಕೀಟು, ಕಬ್ಬಿಣದ್ದೆಲ್ಲ ಡೆಡ್ ಸ್ಟಾಕು. ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡು, ಕೊಟ್ಟಾಗ ಹೇಗಿತ್ತೋ ಹಾಗೆಯೇ ಅದು ಮರಳಿ ಬರಬೇಕು.

೧೯೬೪ರಲ್ಲಿ ಪರದೇಶದಿಂದ ಒಂದು ಬಾಟಲಿ ಫೆರೋಸೀನ್ ಬಂತು. ಕಿತ್ತಳೆ ಬಣ್ಣದ ಪುಡಿ. ಅಣುವಿಗೊಂದು ಕಬ್ಬಿಣದ ಪರಮಾಣು, ಅದರ ಮೇಲೊಂದು ಕೆಳಗೊಂದು ಇಂಗಾಲದ ಉಂಗುರ. ತರಿಸಿದವರು ಸಂಶೋಧಕಿ ನಿರುಪಮಾ. ಅದರಲ್ಲಿ ಕರೆಂಟು ಹರಿಸಿ, ಯುಗಾದಿಯೊಳಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸದಿದ್ದರೆ ಅವರ ಹೆಸರೇ ರದ್ದು.

ಸ್ಟೋರ್‌ಕೀಪರ್ ಶಾಂತಯ್ಯನವರು ಬಾಟಲಿ ಹಿಡಿದು ಗಂಭೀರರಾದರು.

“ಬಾಯಾರ, ಇದರಾಗ ಕಬ್ಬಿಣ ಐತೇನ್ರಿ?”

“ಐತ್ರಿ.”

“ಹಂಗಾರ ಡೆಡ್ ಸ್ಟಾಕ್ ಆತು. ನೋಡಾಕ ಬರ್ತೈತಿ, ಬಳಸಾಕ ಬರಂಗಿಲ್ಲ. ನಂಬರನೂ ಬಾಟ್ಲಿ ಮ್ಯಾಲ ಬರದ್ರ ನಡ್ಯಂಗಿಲ್ರಿ, ಮಾಲಿನ ಮ್ಯಾಲ ಬರೀಬೇಕು. ಸಣ್ಣ ಕುಂಚ ತರಸಾಕತ್ತೇನಿ.”

ಕುಂಚದ ದಾರಿ ಕಾಯುತ್ತ ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ನಿರುಪಮಾ ಪ್ರಿನ್ಸಿಪಾಲರ ಎದುರು ನಿಂತು, ಫೆರೋಸೀನು ಒಂದು ಇಲೆಕ್ಟ್ರಾನು ಬಿಟ್ಟುಕೊಟ್ಟು ನೀಲಿಯಾಗುತ್ತದೆ, ಕರೆಂಟು ತಿರುಗಿಸಿದರೆ ಮರಳಿ ಪಡೆದು ಕಿತ್ತಳೆಯಾಗುತ್ತದೆ, ಅದರ ಸೊಗಸೇ ಅದು ಎಂದು ವಿವರಿಸಿದರು. ಪ್ರಿನ್ಸಿಪಾಲರಿಗೆ ನೀಲಿಯದೊಂದೇ ಚಿಂತೆ ಹತ್ತಿತು.

“ನೀಲಿ ಆತಂದ್ರ ಕೆಟ್ಟಂಗ ಅಲ್ಲೇನವಾ?”

“ಮತ್ತ ಮೊದಲಿನಂಗ ಮಾಡತೇನ್ರಿ ಸರ್.”

“ಕೆಡಸಾಕ ಪರವಾನಗಿ ಕೊಡಾಕ ಬರಂಗಿಲ್ಲ. ದುರಸ್ತಿಗೆ ಕೊಡಬಹುದು.”

ಸಂಜೆಯೊಳಗೆ ಆದೇಶ ಹೊರಬಿತ್ತು: “ಸದರಿ ಡೆಡ್ ಸ್ಟಾಕು ತಾನಾಗಿಯೇ ನೀಲಿಯಾದಲ್ಲಿ ಸದರಿ ಸಂಶೋಧಕರು ಅದನ್ನು ದುರಸ್ತಿ ಮಾಡತಕ್ಕದ್ದು. ನೀಲಿಯಾಗುವುದನ್ನು ಯಾರೂ ನೋಡತಕ್ಕದ್ದಲ್ಲ.”

ಪ್ರಯೋಗದ ದಿನ ಪ್ಲಾಟಿನಂ ತಂತಿಯ ಸುತ್ತ ದ್ರಾವಣ ನೀಲಿಯಾಗುವಾಗ ಶಾಂತಯ್ಯನವರು ಗೋಡೆಗೆ ಮುಖ ಮಾಡಿ ನಿಂತರು. ನಿರುಪಮಾರನ್ನೂ ಹಾಗೆಯೇ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದರು. ಕಿತ್ತಳೆಯಾಗುವಾಗ ಇಬ್ಬರೂ ತಿರುಗಿ ನೋಡಿದರು. ಹೀಗಾಗಿ ಪ್ರಬಂಧದಲ್ಲಿ ಅರ್ಧ ಪ್ರಯೋಗವಷ್ಟೇ ಇದೆ. ಶೀರ್ಷಿಕೆಯನ್ನು ‘ಡೆಡ್ ಸ್ಟಾಕಿನ ವಿದ್ಯುತ್ ದುರಸ್ತಿ’ ಎಂದು ಸಂಶೋಧನಾ ಸಮಿತಿಯೇ ತಿದ್ದಿಕೊಟ್ಟಿತು. ಇಂಥ ಉಪಯುಕ್ತ ಸಂಶೋಧನೆ ಅಪರೂಪವೆಂದು ಪರೀಕ್ಷಕರು ಹೊಗಳಿದರು, ಡಾಕ್ಟರೇಟೂ ಸಿಕ್ಕಿತು.

ಪದವಿ ಪಡೆದ ಮರುದಿನ ಪ್ರಯೋಗಶಾಲೆಯ ತುಂಬ ಹಾಸ್ಟೆಲ್ಲಿನ ತುಕ್ಕು ಹಿಡಿದ ಮಂಚಗಳು ದುರಸ್ತಿಗೆ ಬಂದು ಕೂತಿದ್ದವು.

“ತುಕ್ಕು ಹಂಗ ಹೋಗಂಗಿಲ್ರಿ ಸರ್, ಇದು ಬ್ಯಾರೆ,” ಎಂದರು ನಿರುಪಮಾ.

“ಕಬ್ಬಿಣ ಹೌದಲ್ಲೋ? ಬಣ್ಣ ಬದಲಿ ಆಗೇತಲ್ಲೋ? ಡಾಕ್ಟರೇಟ್ ಮತ್ತ ಯಾತಕ್ಕ ಕೊಟ್ಟಾರ?” ಎಂದರು ಪ್ರಿನ್ಸಿಪಾಲರು.

ಮನೆಗೆ ಹೋಗಿ ಹೇಳಿಕೊಂಡರೆ ತಾಯಿ ಸಾವಕ್ಕನವರಿಗೆ ಹಿಡಿಸಲಾರದ ಸಂತೋಷ.

“ಇಷ್ಟ ದಿನ ಏನ ಕಲಿಯಾಕತ್ತೀಯೋ ತಿಳದಿದ್ದಿಲ್ಲ ನೋಡವಾ. ನಾಳೆ ಹೋಗೂ ಮುಂದ ಅಟ್ಟದ ಮ್ಯಾಲಿನ ತುಕ್ಕು ಹಿಡದ ಟ್ರಂಕೂ ಒಯ್ಯಿ.”

ಡಾ. ನಿರುಪಮಾ ಎದ್ದು ಟ್ರಂಕು ಇಳಿಸಿ, ಒಳಗಿನ ಸೀರೆಗಳನ್ನು ತೆಗೆದಿಟ್ಟರು.