ಚಂದ್ರಮೌಳಿಗೆ ಸ್ವಂತ ಮನೆ ಇದೆಯೇ?

ಚಂದ್ರಮೌಳಿ ಒಳ್ಳೆಯವನಾಗಿದ್ದೇ ತಪ್ಪಾಯಿತು. ಲಕ್ಷ್ಮೀಪುರಂನ ಆ ಬೀದಿಯಲ್ಲಿ ಗ್ಯಾಸ್ ಬುಕ್ ಮಾಡುವುದು, ಪಿಂಚಣಿಗೆ ಅರ್ಜಿ ತುಂಬುವುದು, ಆಧಾರ್ ತಿದ್ದಿಸುವುದು, ಎಲ್ಲಕ್ಕೂ ಅವನೇ. ಹೊಟ್ಟೆಪಾಡಿಗೆ ಕಾಲೇಜೊಂದರಲ್ಲಿ ಗುಮಾಸ್ತಿಕೆ, ಉಳಿದಂತೆ ಬೀದಿಗೆಲ್ಲ ಆಪದ್ಬಾಂಧವ. ಅವನ ಋಣ ತೀರಿಸುವ ಅವಕಾಶಕ್ಕಾಗಿ ಜನ ಬಹಳ ದಿನಗಳಿಂದ ಹೊಂಚು ಹಾಕುತ್ತಿದ್ದರು.

ಅವನಿಗಿದ್ದದ್ದು ಒಂದೇ ಆಸೆ, ಸ್ವಂತ ಸೂರು. ಮೈಸೂರಿನಲ್ಲಿ ಸೈಟಿನ ಬೆಲೆ ಕೇಳಿದರೇ ಜ್ವರ ಬರುವ ಕಾಲ ಇದು. ಪುಣ್ಯಕ್ಕೆ ಸರ್ಕಾರ ಮಧ್ಯಮ ವರ್ಗದವರಿಗೆ ರಿಯಾಯಿತಿ ದರದಲ್ಲಿ ಫ್ಲಾಟ್ ಕೊಡುತ್ತಿತ್ತು, ಇವನ ಹೆಸರೂ ಆಯ್ಕೆಯಾಗಿತ್ತು. ಸ್ವಂತ ಮನೆ ಇರಕೂಡದು, ಕಂತು ಕಟ್ಟುವ ಶಕ್ತಿ ಇರಬೇಕು, ಅಷ್ಟೇ ಷರತ್ತು. ಅಧಿಕಾರಿ ಬಂದು ಅಕ್ಕಪಕ್ಕ ವಿಚಾರಿಸಿ ಹೋಗುವುದೊಂದು ಬಾಕಿ. ದೃಷ್ಟಿ ತಾಗೀತೆಂದು ಚಂದ್ರಮೌಳಿ ಇದನ್ನು ಯಾರಿಗೂ ಹೇಳಿರಲಿಲ್ಲ, ಬಾಡಿಗೆ ಮನೆಯ ಯಜಮಾನಿ ಸುಂದರಮ್ಮನವರಿಗೂ.

ಒಂದು ದಿನ ಬೆಳಿಗ್ಗೆ ಅಧಿಕಾರಿ ಬೀದಿಗೆ ಬಂದ. ಹೂ ಮಾರುವ ಮಾದೇವಮ್ಮ ಇಸ್ತ್ರಿ ಅಂಗಡಿ ಸಿದ್ದರಾಜುವಿನ ಹತ್ತಿರ ಓಡಿದಳು. "ಚಂದ್ರಮೌಳಿ ಸಾರ್ ಮಗಳು ಲಾಸ್ಯನ್ನ ಕೇಳಕ್ಕೆ ಗಂಡಿನ ಕಡೆಯೋರು ಬಂದವ್ರೆ ಕಣೋ!"

ಅಪರಿಚಿತನೊಬ್ಬ ಬೀದಿಯಲ್ಲಿ ನಿಂತು "ಆ ಮನೆಯವರು ಹೇಗೆ? ಸ್ವಂತ ಮನೆ ಇದೆಯಾ?" ಎಂದರೆ ಸಂಬಂಧದ ವಿಚಾರಣೆಯಲ್ಲದೆ ಇನ್ನೇನು? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಮನೆನಾ? ಕುವೆಂಪುನಗರದಲ್ಲಿ ಎರಡು ಮಹಡಿದು ಐತೆ ಸಾರ್! ಬಾಡಿಗೆಗೆ ಬುಟ್ಟವ್ರೆ," ಎಂದ ಸಿದ್ದರಾಜು.

"ಕುಂಬಾರಕೊಪ್ಪಲಲ್ಲೂ ಒಂದೈತೆ ಬುಡಿ," ಎಂದಳು ಮಾದೇವಮ್ಮ.

ಅಧಿಕಾರಿ ನೇರ ಚಂದ್ರಮೌಳಿಯ ಮನೆಗೆ ಬಂದವನು ಕಾಫಿಯನ್ನೂ ಮುಟ್ಟಲಿಲ್ಲ. "ಎರಡು ಮನೆ ಇಟ್ಕೊಂಡು ಮೂರನೇದಕ್ಕೆ ಅರ್ಜಿ ಹಾಕಿದೀರಲ್ಲ, ನಾಚಿಕೆ ಆಗಲ್ವೇನ್ರೀ?"

ಚಂದ್ರಮೌಳಿ ಅವನ ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಪುಣ್ಯಾತ್ಮ ಕರಗಿದ. "ಸಂಜೆ ಇದೇ ದಾರೀಲಿ ವಾಪಸ್ ಬರ್ತೀನಿ. ಇನ್ನೊಂದ್ಸಲ ಕೇಳಿ ನೋಡ್ತೀನಿ."

ಅಧಿಕಾರಿ ಅತ್ತ ಹೋಗುತ್ತಲೇ ಚಂದ್ರಮೌಳಿ ಬರಿಗಾಲಲ್ಲೇ ಬೀದಿಗಿಳಿದ. "ಅವರು ಗಂಡಿನ ಕಡೆಯೋರಲ್ಲ ಕಣ್ರಯ್ಯಾ, ಸರ್ಕಾರದೋರು! ಮನೆ ಇಲ್ದೋರಿಗೆ ಮನೆ ಕೊಡೋರು!"

ಸಿದ್ದರಾಜು ಕೆನ್ನೆಕೆನ್ನೆ ಬಡಿದುಕೊಂಡ. "ತಪ್ಪಾಯ್ತು ಸಾರ್. ಸಂಜೆ ನೋಡಿ, ಎಂಗೆ ಹೇಳ್ತೀವಿ!"

ಹೇಳಿದರು. ಬಾಯಿ ತುಂಬ ಹೇಳಿದರು.

"ಮನೆ ಎಲ್ಲಿಂದ ಬತ್ತದೆ ಸಾರ್, ಊಟಕ್ಕೇ ಗತಿಯಿಲ್ಲ! ಅವರಾಕ್ಕೊಂಡಿರೋ ಪ್ಯಾಂಟು ಬೇರೆಯೋರು ಇಸ್ತ್ರಿಗೆ ಕೊಟ್ಟಿದ್ದು. ಪಾಪ ಅಂತ ನಾನೇ ಕೊಟ್ಟಿವ್ನಿ."

ಮಾದೇವಮ್ಮನಿಗೆ ನಿಜವಾದ ಕಣ್ಣೀರೇ ಬಂತು. "ಹಬ್ಬದಲ್ಲೂ ಒಂದು ಮೊಳ ಹೂವ ಸಾಲ ತಕ್ಕತಾರೆ ಸ್ವಾಮಿ!"

"ಇಷ್ಟು ಬಡವರು ಕಂತು ಎಲ್ಲಿಂದ ಕಟ್ತಾರೆ?" ಎಂದ ಅಧಿಕಾರಿ. ಚಂದ್ರಮೌಳಿ ಸಂಬಳದ ಚೀಟಿ ಹಿಡಿದು ಅವನ ಸ್ಕೂಟರಿನ ಹಿಂದೆ ಓಡಿದ. "ಬೆಳಿಗ್ಗೆ ಎರಡು ಮನೆ, ಸಂಜೆ ಪ್ಯಾಂಟೂ ಸಾಲ. ನಾನು ಯಾವುದನ್ನ ಬರೀಲಿ ಹೇಳಿ? ಈ ಸಲ ಬಿಟ್ಬಿಡಿ," ಎಂದು ಅಧಿಕಾರಿ ಹೊರಟೇ ಹೋದ.

ಗೇಟಿನ ಬಳಿ ಸಿದ್ದರಾಜು, ಮಾದೇವಮ್ಮ ಇಬ್ಬರೂ ಪರೀಕ್ಷೆ ಬರೆದ ಮಕ್ಕಳ ಹಾಗೆ ಕಾಯುತ್ತಿದ್ದರು. ಬೈಯಬೇಕೆಂದೇ ಚಂದ್ರಮೌಳಿ ಬಾಯಿ ತೆರೆದ. ಆದರೆ ಒಂದೇ ದಿನದಲ್ಲಿ ಎರಡು ಸಲ ಅವನಿಗಾಗಿ ಸುಳ್ಳು ಹೇಳುವವರು ಈ ಭೂಮಿಯ ಮೇಲೆ ಬೇರೆ ಯಾರಿದ್ದಾರೆ? "ನಿಮ್ಮ ಉಪಕಾರ ಮರೆಯೋಲ್ಲ ಕಣ್ರಪ್ಪಾ," ಎಂದ. ಮನಸ್ಸಿನಿಂದಲೇ ಅಂದ.

ಒಳಗೆ ಬಂದರೆ ಸುಂದರಮ್ಮನವರು ಪಾಯಸದ ಬಟ್ಟಲು ಹಿಡಿದು ನಿಂತಿದ್ದರು. ಅದನ್ನು ಚಂದ್ರಮೌಳಿಯ ಕೈಗಿಟ್ಟರು.

"ಏನಮ್ಮ ವಿಶೇಷ?" ಎಂದು ಕೇಳಿದಳು ಚಂದ್ರಮೌಳಿಯ ಹೆಂಡತಿ ಸರ್ವಮಂಗಳಾ.

"ಚಾಮುಂಡಮ್ಮ ಕಾಪಾಡಿದ್ಲು ಕಣಮ್ಮ! ಆತ ಬೆಳಿಗ್ಗೆ ಮೊದಲು ಕೇಳಿದ್ದು ನನ್ನನ್ನೇ. ಮನೆ ಕೊಡೋರು ಅಂತ ಗೊತ್ತಾಗಿ ಎದೆ ಧಸಕ್ ಅಂತು. ನಿಮ್ಮಂಥ ಬಾಡಿಗೆದಾರರು ನನಗೆ ಇನ್ನೆಲ್ಲಿ ಸಿಗ್ತಾರೆ? ಅದಕ್ಕೇ, ಗಂಡಿನ ಕಡೆಯವರು ಅಂತ ಮಾದೇವಮ್ಮನ ಕಿವೀಲಿ ಊದ್ಬಿಟ್ಟೆ."

ಚಂದ್ರಮೌಳಿಯ ಚಮಚ ಬಾಯಿಯ ಹತ್ತಿರವೇ ನಿಂತಿತು. ಸುಂದರಮ್ಮ ಕಣ್ಣೊರೆಸಿಕೊಂಡು ಅವನ ತಲೆ ಸವರಿದರು.

"ಇಲ್ಲೇ ಉಳ್ಕೊಂಡ್ರಲ್ಲ, ನಿಮ್ಮ ಋಣ ಯಾವ ಜನ್ಮಕ್ಕೆ ತೀರಿಸ್ಲಪ್ಪ! ಮುಂದಿನ ವರ್ಷ ಮತ್ತೆ ಅರ್ಜಿ ಕರೀತಾರಂತೆ. ನೀವೇನೂ ಯೋಚನೆ ಮಾಡ್ಬೇಡಿ. ಆಗ್ಲೂ ನಾನೇ ನೋಡ್ಕೋತೀನಿ."