ಭಾವಚಿತ್ರದ ಹಣೆಗೆ ಕುಂಕುಮ

ಒಂದು ಮನೆತನದಲ್ಲಿ ಒಬ್ಬನಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಅವನ ನೆಮ್ಮದಿ ಅಲ್ಲಿಗೆ ಮುಗಿಯಿತು. ಔಷಧಿ ಬಾಟಲಿಯ ಮೇಲಿನ ಚೀಟಿ, ವಿಮೆಯವರ ಕಾಗದ, ಮಿಕ್ಸಿಯ ಜೊತೆ ಬಂದ ಪುಸ್ತಿಕೆ, ಎಲ್ಲವೂ ಅವನ ಮುಂದೆ ಬಂದು ಬೀಳುತ್ತವೆ. ನಾನು ಕಂಪ್ಲಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಎಂದರೆ ಬರುತ್ತದೆ ಎಂದರ್ಥವಲ್ಲ ಎನ್ನುವುದು ನನಗೂ ನನ್ನ ವಿದ್ಯಾರ್ಥಿಗಳಿಗೂ ಮಾತ್ರ ಗೊತ್ತಿದ್ದ ವಿಷಯ. ನಾನು ಧೈರ್ಯವಾಗಿ ಬರೆಯಬಲ್ಲ ಇಂಗ್ಲಿಷ್ ಪತ್ರ ಒಂದೇ, ಜ್ವರದ ನಿಮಿತ್ತ ರಜೆ ಬೇಡುವ ಅರ್ಜಿ.

ಬುಕ್ಕಸಾಗರದಲ್ಲಿ ಭತ್ತ ಬೆಳೆಯುವ ನನ್ನ ತಮ್ಮ ಮಂಜ ಮಾತ್ರ ಆ ಸುದ್ದಿಯನ್ನು ಗಟ್ಟಿಯಾಗಿ ನಂಬಿದವನು. ಅವನ ಹೆಂಡತಿ ಲೀನಾ ದೂರದ ಒಂದು ಚಳಿ ದೇಶದವಳು. ಹಂಪಿ ನೋಡಲು ಬಂದವಳು, ಬಾಡಿಗೆ ಸೈಕಲ್ಲಿನ ಚೈನು ಬಿದ್ದು ನಮ್ಮ ಗದ್ದೆಯ ಪಕ್ಕ ನಿಂತಿದ್ದಳು. ಮಂಜ ಚೈನು ಹಾಕಿಕೊಟ್ಟ, ಮದುವೆಯಾಯಿತು. ನಡುವೆ ಏನೇನೋ ನಡೆದಿರಬೇಕು, ನನಗೆ ಯಾರೂ ಹೇಳಿಲ್ಲ. ಅವಳು ಮೊದಲ ಸಲ ಮನೆಗೆ ಬಂದಾಗ ಎಲ್ಲರೂ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ನನ್ನ ಇಂಗ್ಲಿಷಿನಲ್ಲಿ ಕ್ಷೇಮ ವಿಚಾರಿಸಿದೆ. ಅವಳು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡು, ಇವರು ಮಾತಾಡುತ್ತಿರುವುದು ತೆಲುಗೇನು ಎಂದು ಮಂಜನನ್ನು ಕೇಳಿದಳಂತೆ. ಅವಳು ಕನ್ನಡ ಕಲಿತ ಮೇಲೆ ನಾವಿಬ್ಬರೂ ಇಂಗ್ಲಿಷಿನ ತಂಟೆಗೆ ಹೋಗಿಲ್ಲ. ಅವಳಿಗೆ ಕನ್ನಡ ಕಲಿಸಿದ್ದು ನಮ್ಮವ್ವ. ಆದ್ದರಿಂದ ಅದು ನನ್ನ ಕನ್ನಡಕ್ಕಿಂತ ಸ್ವಲ್ಪ ಖಾರವಾಗಿದೆ.

ಅವ್ವನಿಗೆ ಈ ಸೊಸೆಯೆಂದರೆ ಪ್ರಾಣ. ಲೀನಾ ಎಂದು ಕರೆಯಲು ಬಾರದೆ ಲೀಲವ್ವ ಎಂದು ಕರೆಯುತ್ತಾಳೆ. ಆ ಪ್ರೀತಿಯೇ ಈ ಬಾರಿಯ ಆಯುಧ ಪೂಜೆಯಲ್ಲಿ ನಮ್ಮೆಲ್ಲರನ್ನೂ ಕೆಡವಿತು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕುಡುಗೋಲು ಎಲ್ಲವಕ್ಕೂ ಪೂಜೆಯಾದ ಮೇಲೆ, ಸೊಸೆಯ ಆಯುಧ ಯಾವುದು ಎಂಬ ಪ್ರಶ್ನೆ ಅವ್ವನಿಗೆ ಬಂತು. ಪೆಟ್ಟಿಗೆಯಿಂದ ಪಾಸ್‌ಪೋರ್ಟ್ ತೆಗೆದಳು. "ಇದರಿಂದನ ಅಲ್ಲೇನು ಆಕಿ ನಮ್ಮನಿಗೆ ಬಂದಿದ್ದು" ಎನ್ನುವುದು ಅವಳ ವಾದ. ಮೇಲಿನ ರಟ್ಟಿಗೆ ಕುಂಕುಮ ಹಚ್ಚಿ ಸುಮ್ಮನಾಗಿದ್ದರೆ ಸರಿಯಿತ್ತು. ಒಳಗೆ ತೆರೆದು ನೋಡಿದಳು. ಮುತ್ತೈದೆಯ ಫೋಟೋ, ಹಣೆ ಬೋಳು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಎರಡು ಹುಬ್ಬುಗಳ ಮಧ್ಯೆ ದುಂಡಗೆ ಇಟ್ಟಳು.

ಮಂಜ ಅದನ್ನು ತೆಗೆಯಲೆಂದು, ಟ್ರ್ಯಾಕ್ಟರಿಗೆ ಬಣ್ಣ ಹೊಡೆಯಲು ತಂದಿದ್ದ ಥಿನ್ನರ್ ಹಾಕಿ ಉಜ್ಜಿದ. ಕುಂಕುಮ ಹೋಗಲಿಲ್ಲ. ಪಾಸ್‌ಪೋರ್ಟಿನ ಸಂಖ್ಯೆ ಹೋಯಿತು.

ಅದೇ ಹೊತ್ತಿಗೆ ಲೀನಾಳ ವಾಸದ ಪರವಾನಗಿ ಮುಂದುವರಿಸುವ ಅರ್ಜಿ ಹಾಕಬೇಕಿತ್ತು. ಹಾಕಿದರು. ಪಾಸ್‌ಪೋರ್ಟನ್ನು ತಿದ್ದಲಾಗಿದೆ, ಆದ್ದರಿಂದ ಅದು ಅಮಾನ್ಯ, ಆದ್ದರಿಂದ ಅರ್ಜಿ ತಿರಸ್ಕೃತ, ಮೇಲ್ಮನವಿ ಸಲ್ಲಿಸದಿದ್ದರೆ ದೇಶ ಬಿಡತಕ್ಕದ್ದು ಎಂದು ಉತ್ತರ ಬಂತು. ದೇಶ ಬಿಡಲು ವಿಮಾನ ಹತ್ತಬೇಕು, ಹತ್ತಲು ಪಾಸ್‌ಪೋರ್ಟ್ ಬೇಕು. ಹೊಸ ಪಾಸ್‌ಪೋರ್ಟ್ ಕೊಡಿ ಎಂದು ಅವಳ ದೇಶದವರನ್ನು ಕೇಳಿದರೆ, ಇಲ್ಲಿ ವಾಸವಿರಲು ಪರವಾನಗಿ ಇದೆಯೆಂದು ತೋರಿಸಿ, ಕೊಡುತ್ತೇವೆ ಎಂದರು. ಒಟ್ಟಿನಲ್ಲಿ ಅವಳು ಇರುವ ಹಾಗೂ ಇಲ್ಲ, ಹೋಗುವ ಹಾಗೂ ಇಲ್ಲ. ಅವ್ವ ಊಟ ಬಿಟ್ಟು ಮೂಲೆಯಲ್ಲಿ ಕುಳಿತಳು. "ಆಕಿ ಹೋದ್ರ ನಾನೂ ಹೊಕ್ಕೀನಿ, ನನಗೂ ಒಂದು ಪಾಸ್‌ಪೋರ್ಟ್ ಮಾಡಸು" ಎಂದಳು.

"ಮಾಡಸ್ತೀನಿ, ಅದಕ್ಕ ಪೂಜಿ ಮಾತ್ರ ಮಾಡಬ್ಯಾಡ" ಎಂದ ಮಂಜ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಮೇಲ್ಮನವಿ ಬರೆಯಲು ಕುಳಿತೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಲೀನಾಳಿಗೆ ಜ್ವರ ಬಂದಿತ್ತು. ಹೊಡೆದುಹಾಕಿ ಮತ್ತೆ ಬರೆದೆ, ಈ ಸಲ ರಜೆ ಕೇಳಿದ್ದೆ. ಸೋತು, ಸಂಡೂರಿನಲ್ಲಿರುವ ಗೆಳೆಯ ವಿರೂಪಾಕ್ಷಿಯ ಹತ್ತಿರ ಹೋದೆ. ಗಣಿ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಅವನು ಸರ್ಕಾರಕ್ಕೆ ಉತ್ತರ ಬರೆಯುವುದರಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು ನೋಡಿ, "ಕುಂಕುಮ ಅಂತ ಬರದ್ರ ತಿದ್ದೀವಿ ಅಂತ ಒಪ್ಕೊಂಡಂಗ ಆಗತೈತಿ. ಅದಿರಿನ ಧೂಳು ಅಂತ ಬರಿ" ಎಂದ.

"ನಂಬರ್ ಅಳಿಸೈತಲ್ಲೋ?"

"ಧೂಳಿನಾಗ ಕಬ್ಬಿಣ ಇರತೈತಿ. ಕಬ್ಬಿಣ ತಿಕ್ಕಿದ್ರ ಯಾವ ನಂಬರ್ ಉಳೀತೈತಿ? ನಮ್ಮೂರಾಗ ಕೆಂಪಗ ಇರೋದಕ್ಕ ಯಾರೂ ಪುರಾವೆ ಕೇಳಂಗಿಲ್ಲ ಬಿಡು."

ಅವನ ಮನೆಯ ಗೋಡೆ, ಮೆಟ್ಟಿಲು, ಅಂಗಳದ ತುಳಸಿ, ಕೊನೆಗೆ ವಿರೂಪಾಕ್ಷಿಯ ಬನಿಯನ್ ಕೂಡ, ಎಲ್ಲವೂ ಕೆಂಪಗೇ ಇದ್ದವು. ನನಗೆ ನಂಬಿಕೆ ಬಂತು. ಸಂಡೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಧೂಳು ನುಗ್ಗಿ ಪಾಸ್‌ಪೋರ್ಟಿನ ಮೇಲೆ ಕೂತಿತೆಂದೂ, ನಾನು ಕಣ್ಣಾರೆ ಕಂಡೆನೆಂದೂ ಬರೆದು, ಸಾಕ್ಷಿಯೆಂದು ನಾನೇ ಸಹಿ ಹಾಕಿದೆ.

ವಿಚಾರಣೆಗೆ ಹೊಸಪೇಟೆಯ ಕಚೇರಿಗೆ ಕರೆದರು. ಮನೆಯಲ್ಲೇ ಇರು ಎಂದರೂ ಕೇಳದೆ ಅವ್ವನೂ ಬಂದಳು. ಅಧಿಕಾರಿ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಧೂಳು ಇಷ್ಟು ದುಂಡಗ ಬೀಳತೈತೇನ್ರಿ, ಮೇಷ್ಟ್ರ?"

"ಗಾಳಿ ಒಂದೊಂದ್ಸಲ ಹಂಗ ಬೀಸತೈತ್ರಿ ಸಾರ್" ಎಂದೆ.

"ಸರಿಯಾಗಿ ಹುಬ್ಬಿನ ನಡುವ?"

ಅವ್ವ ಎದ್ದು ನಿಂತಳು. "ಅದು ಧೂಳಲ್ರಿ ಸಾಹೇಬ್ರ, ಕುಂಕುಮ. ನಾನ ಹಚ್ಚೀನಿ. ತಪ್ಪು ಆಕೀದಲ್ಲ. ಕಳಸೂದಾದ್ರ ನನ್ನ ಕಳಸ್ರಿ."

"ಎಲ್ಲಿಗೆ ಕಳಸ್ಲಿ ಅಜ್ಜಿ?"

"ಎಲ್ಲಿಗಾದ್ರೂ ಕಳಸ್ರಿ. ಆಕೀನ ಬಿಡ್ರಿ. ಆಕಿ ಇಲ್ಲದ ಮನ್ಯಾಗ ನನಗ ತುತ್ತು ಇಳಿಯಂಗಿಲ್ಲ." ಹೇಳುತ್ತಲೇ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಹಬ್ಬ ಕಳೆದು ಎಷ್ಟೋ ದಿನವಾಗಿದ್ದರೂ ಕಂಪ್ಯೂಟರಿನ ನೆತ್ತಿಯಲ್ಲಿ ವಿಭೂತಿ ಪಟ್ಟೆ, ಕುಂಕುಮದ ಬೊಟ್ಟು ಹಾಗೇ ಇದ್ದವು. ಕಬ್ಬಿಣದ ಬೀರುವಿಗೂ, ಸೀಲು ಹೊಡೆಯುವ ಮೊಹರಿಗೂ ಇತ್ತು. "ನೀವೂ ಹಚ್ಚೀರಲ್ರಿ. ಅದು ನಡ್ಯಾಕತ್ತೈತಿ, ಇದ್ಯಾಕ ನಡ್ಯಂಗಿಲ್ಲ?"

ಅಧಿಕಾರಿ ಕಂಪ್ಯೂಟರ್ ನೋಡಿದರು, ಮೊಹರು ನೋಡಿದರು, ಆಮೇಲೆ ಫೋಟೋ ನೋಡಿದರು. ಲೀನಾ ಅವ್ವನ ಸೆರಗು ಹಿಡಿದುಕೊಂಡು ಅಳುತ್ತಿದ್ದಳು. ಸಂಖ್ಯೆ ಅಳಿಸಿದ್ದು ತಾನು ಹಾಕಿದ ಥಿನ್ನರ್ ಎಂದು ಮಂಜನೂ ಒಪ್ಪಿಕೊಂಡ. ಅವರು ಕನ್ನಡಕ ತೆಗೆದಿಟ್ಟು, ಇದು ದುರುದ್ದೇಶದ ತಿದ್ದುಪಡಿಯಲ್ಲ, ಹಬ್ಬದ ಆಚರಣೆ ಎಂದು ಟಿಪ್ಪಣಿ ಬರೆದರು. ಹೊಸ ಪಾಸ್‌ಪೋರ್ಟ್ ಬರುವವರೆಗೆ ಅವಳು ಇಲ್ಲೇ ವಾಸಿಸಬಹುದು, ಈ ಆದೇಶವನ್ನೇ ಅವಳ ದೇಶದವರಿಗೆ ತೋರಿಸಬಹುದು. ಅವ್ವ ಕೈಮುಗಿದು ಕುಳಿತಳು. ಮಂಜ ಆದೇಶವನ್ನು ಜೆರಾಕ್ಸ್ ಮಾಡಿಸಲು ಓಡಿದ.

ನಾನೂ ಎದ್ದೆ. "ಮೇಷ್ಟ್ರ, ನೀವು ಕುಂದ್ರಿ" ಎಂದರು ಅಧಿಕಾರಿ. "ಆ ಧೂಳಿನ ಮಾತು ಹಿಂದಕ್ಕ ತಗೊಂಡೀನಿ ಅಂತ ಬರದುಕೊಡಬೇಕು. ಗುರುತಿನ ಚೀಟಿ ಕೊಡ್ರಿ."

ಆಧಾರ್ ಕೊಟ್ಟೆ. ಅದರಲ್ಲಿರುವ ಮನುಷ್ಯನಿಗೆ ದಟ್ಟ ಕೂದಲು, ಮೀಸೆ, ಒಂದು ಥರದ ಆತ್ಮವಿಶ್ವಾಸ. "ಇದು ನೀವಾ?" ಎಂದರು. ಹೌದೆಂದೆ, ನನ್ನ ದನಿ ನನಗೇ ಸುಳ್ಳೆನಿಸಿತು. ಬೆರಳು ಇಡಿಸಿದರು. ಸೀಮೆಸುಣ್ಣ ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪಲಿಲ್ಲ. ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟೆ, ಮತ್ತೆ ಒಪ್ಪಲಿಲ್ಲ. "ನಿಮ್ಮನ್ನ ಗುರುತಿಸೋರು ಯಾರಾದ್ರೂ ಅದಾರೇನ್ರಿ ಇಲ್ಲಿ?"

ನಾನು ಅವ್ವನ ಕಡೆ ನೋಡಿದೆ. ಅವಳು ಮುಖ ಆ ಕಡೆ ತಿರುಗಿಸಿದಳು. "ಇಂಥಾ ಸುಳ್ಳು ಬರಿಯೋನ್ನ ನಾ ಹಡದಿಲ್ರಿ" ಎಂದಳು.

ಕೊನೆಗೆ ಲೀನಾ ಕಣ್ಣೊರೆಸಿಕೊಂಡು ಮುಂದೆ ಬಂದಳು. "ನಮ್ಮ ಭಾವಾರು ಅದಾರ್ರಿ ಸಾರ್. ನಾ ಬಂದಾಗಿಂದ ನೋಡೀನಿ, ಇಲ್ಲೇ ಇರ್ತಾರ" ಎಂದಳು. ಅಧಿಕಾರಿ ತೋರಿಸಿದ ಕಡೆ ಕನ್ನಡದಲ್ಲಿ, ತಲೆಕಟ್ಟು ದೀರ್ಘ ಒಂದೂ ತಪ್ಪದಂತೆ, ಸಹಿ ಹಾಕಿದಳು.

ಹೀಗಾಗಿ ಕಚೇರಿಯ ದಾಖಲೆಯ ಪ್ರಕಾರ ನಾನು ನಾನೇ ಎನ್ನುವುದಕ್ಕೆ ಸದ್ಯ ಅವಳೊಬ್ಬಳೇ ಆಧಾರ. ಅವಳಿಗೆ ಹೊಸ ಪಾಸ್‌ಪೋರ್ಟ್ ಬರುವವರೆಗೆ ಇಲ್ಲಿರಲು ಅನುಮತಿಯಿದೆ. ಅಲ್ಲಿಯವರೆಗೆ ನಾನೂ ಇರಬಹುದು ಅಂದುಕೊಂಡಿದ್ದೇನೆ.