ನಾಲ್ಕು ಬೆರಳು ಟೇಪು

“ದಿನಾ ಕೆಲಸಕ್ಕೆ ಕೂರೋ ಮುಂಚೆ ಹೆಡ್ ತೊಳೀಬೇಕು ಸಾರ್, ಮರೀಬೇಡಿ” ಎಂದಿದ್ದ, ನನಗೆ ಹಳೆಯ ಟೇಪ್ ರೆಕಾರ್ಡರ್ ಮಾರಿದ ಮೆಕ್ಯಾನಿಕ್. ನಾನು ವಿಧೇಯ ಶಿಷ್ಯ. ಮೂರು ದಿನ ಶಾಂಪೂ ಹಾಕಿ ತಲೆ ತೊಳೆದುಕೊಂಡೇ ಯಂತ್ರದ ಮುಂದೆ ಕೂತೆ! ನಾಲ್ಕನೆಯ ದಿನ ನೆಗಡಿ ಹಿಡಿದು ಅವನಿಗೆ ಫೋನ್ ಮಾಡಿದಾಗಲೇ ತಿಳಿದದ್ದು, ತೊಳೆಯಬೇಕಾದದ್ದು ಯಂತ್ರದ ತಲೆ. ಟೇಪು ಉಜ್ಜಿಕೊಂಡು ಸಾಗುವ ಲೋಹದ ತುಂಡು.

“ನಿಮ್ಮದನ್ನ ತೊಳೆದಿದ್ದೂ ತಪ್ಪಲ್ಲ ಬಿಡಿ. ಆದ್ರೆ ಕೊಳೆ ಇರೋದು ಒಳಗೆ” ಎಂದಳು ಹೆಂಡತಿ.

ಇಂಥ ಮಾತಿಗೆಲ್ಲ ಕುಗ್ಗುವ ಆಸಾಮಿಯೇ ನಾನು? ಹಗಲೆಲ್ಲ ಕಚೇರಿಯಲ್ಲಿ ಫೈಲುಗಳಿಗೆ ಠಸ್ಸೆ ಒತ್ತಿದರೇನು, ಸಂಜೆ ಆರರ ಮೇಲೆ ಧ್ವನಿಲೋಕದ ಸಾಮ್ರಾಟ! ಬಟ್ಟೆ ಒಣಗಿಸುವ ಕೋಣೆಯ ಗೋಡೆಗೆ ಹಳೆಯ ಹಾಸಿಗೆ ಒರಗಿಸಿ ಸ್ಟುಡಿಯೋ ಕಟ್ಟಿದ್ದೆ. ನನ್ನ ಮೈಕಿನ ಮೇಲೆ ಯಾವಾಗಲೂ ಯಾರದಾದರೂ ಒದ್ದೆ ಕಾಲುಚೀಲ ಇರುತ್ತಿತ್ತು, ಅಷ್ಟೆ.

ಮೊದಲ ಗಿರಾಕಿ ನಮ್ಮತ್ತೆ. ಮಾವ ಮಹಾಮೌನಿ, “ಉಪ್ಪು ಕಡಿಮೆ” ಎನ್ನುವುದೇ ಅವರ ಪ್ರೇಮಸಲ್ಲಾಪ. ಅಂಥವರು ಮದುವೆಯಾದ ಹೊಸತರಲ್ಲಿ, ಬಡ್ತಿಯ ಸಮಾರಂಭದಲ್ಲಿ, ಅತ್ತೆಯ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಾಡಿದ್ದರಂತೆ. ಆವತ್ತು ಜ್ವರ ಬಂದು ಮನೆಯಲ್ಲೇ ಉಳಿದ ಅತ್ತೆ ಅದನ್ನು ಕೇಳಿರಲಿಲ್ಲ. ಆ ಭಾಷಣದ ಟೇಪು ಮಾತ್ರ ಕಪಾಟಿನಲ್ಲಿತ್ತು, ಹಾಕಲು ಯಂತ್ರವಿರಲಿಲ್ಲ. ಈಗ ಅತ್ತೆ ಅದನ್ನು ನನ್ನ ಕೈಗಿಟ್ಟರು.

“ಹುಷಾರಪ್ಪಾ, ಅವರು ಜೀವಮಾನದಲ್ಲಿ ಆಡಿರೋದೇ ಅದೊಂದು ಮಾತು.”

“ನಾನಿದ್ದೀನಲ್ಲ ಅತ್ತೆ!” ಎಂದೆ. ಸಮಸ್ಯೆಯೇ ಅದು ಎಂದು ಅವರಿಗೆ ಗೊತ್ತಿರಲಿಲ್ಲ.

ಶನಿವಾರ ಯಂತ್ರದ ತಲೆಯನ್ನು ಫಳಫಳ ತೊಳೆದು ಟೇಪು ಏರಿಸಿದೆ. ಟೇಪನ್ನು ಎಳೆಯುವ ರಬ್ಬರ್ ಚಕ್ರವನ್ನೂ ಒರೆಸಬೇಕೆಂದು ಯಾರು ಹೇಳಿದ್ದರು? ಆ ಅಂಟು ಚಕ್ರ ಟೇಪನ್ನು ಗುಳುಂ ಎಂದು ನುಂಗಿತು! ಬಿಡಿಸಿದಾಗ ನಾಲ್ಕು ಬೆರಳಷ್ಟು ಚಿಂದಿ. ನಾಲ್ಕು ಬೆರಳು ಏನು ಮಹಾ? ಬ್ಲೇಡಿನಿಂದ ಕತ್ತರಿಸಿ, ಬುಟ್ಟಿಗೆ ಎಸೆದು, ಎರಡು ತುದಿಗಳನ್ನೂ ಅಂಟಿಸಿದೆ. ಹಾಕಿ ನೋಡಿದರೆ ಸದ್ದು ಬಂತು. ಏನು ಸದ್ದು ಎಂದು ಕೇಳುವ ತಾಳ್ಮೆ ಯಾರಿಗಿದೆ!

ಭಾನುವಾರ ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಕೂತರು. ಕೇಳುವುದಕ್ಕೆ ಕನ್ನಡಕವೇಕೋ! ಟೇಪಿನಲ್ಲಿ ಮಾವನ ಯೌವನದ ಕಂಠ ಮೊಳಗಿತು:

“ಎಲ್ಲರೆದುರು ಹೇಳ್ತೀನಿ. ನನ್ನ ಹೆಂಡತಿ ಜೊತೆಯಲ್ಲಿ ನಾನು ಒಂದು ದಿನವೂ ಬದುಕಲಾರೆ!”

ಹಿಂದೆಯೇ ಕಿವಿಗಡಚಿಕ್ಕುವ ಚಪ್ಪಾಳೆ.

“ಜನ ಚಪ್ಪಾಳೆ ಬೇರೆ ತಟ್ಟಿದ್ರಾ?” ಅತ್ತೆಯ ದನಿ ತಣ್ಣಗಿತ್ತು.

“ಏ, ಜೊತೆಯಲ್ಲಿ ‘ಇಲ್ಲದೆ’ ಅಂದಿದ್ದೆ ಕಣೇ! ಇಲ್ಲದೆ!” ಮಾವ ಎದ್ದೇ ನಿಂತರು.

“ಎಲ್ಲಿದೆ ನಿಮ್ಮ ‘ಇಲ್ಲದೆ’?”

ಮೂವರೂ ನನ್ನತ್ತ ತಿರುಗಿದರು. ಬುಟ್ಟಿಗೆ ಓಡಿದೆ. ಬೆಳಿಗ್ಗೆಯೇ ಕಸದ ಗಾಡಿ ಬಂದು ಹೋಗಿತ್ತು. ‘ಇಲ್ಲದೆ’ ಇಲ್ಲದೆ ಹೋಗಿತ್ತು!

“ಅಪ್ಪ ಆಡಿದ್ದೇ ಒಂದು ಮಾತು. ಅದಕ್ಕೂ ಕತ್ತರಿ ಹಾಕಿದ್ರಲ್ಲ!” ಎಂದಳು ಹೆಂಡತಿ.

ಅತ್ತೆ ಕನ್ನಡಕ ತೆಗೆದು ಡಬ್ಬಿಗಿಟ್ಟರು. ಬೈದಿದ್ದರೆ ವಾಸಿಯಿತ್ತು. ನಾನು ಮೈಕ್ ಹಿಡಿದು ಮಾವನ ಮುಂದೆ ನಿಂತೆ.

“ಮಾವ, ದಯವಿಟ್ಟು. ಒಂದೇ ಪದ.”

ಅವರು ಮೈಕನ್ನು ಹಾವಿನಂತೆ ನೋಡಿದರು. ಕೆಮ್ಮಿದರು. ಆಮೇಲೆ ಮೈಕನ್ನು ಬಿಟ್ಟು ಅತ್ತೆಯನ್ನೇ ನೋಡುತ್ತ, ಮೆಲ್ಲಗೆ, “ಇಲ್ಲದೆ” ಎಂದರು.

ಆ ಪದ ಹಿಡಿದ ಟೇಪಿನ ತುಂಡನ್ನು ಸಂದಿಗೆ ಕೂರಿಸಿದೆ. ಎಳೆಯ ಗಂಡನ ಅಬ್ಬರದ ನಡುವೆ ಮುದುಕನ ಒಂದು ಗೊಗ್ಗರು ಪದ. ಅತ್ತೆ ಮತ್ತೆ ಕನ್ನಡಕ ಹಾಕಿಕೊಂಡರು.

“ಇನ್ನೊಂದ್ಸಲ ಹಾಕು.”

ನಾಲ್ಕು ಸಲ ಹಾಕಿದೆ. ಎದೆಯುಬ್ಬಿತು. ಉಬ್ಬಿದ ಎದೆ ಸುಮ್ಮನಿರಬೇಕಲ್ಲ!

“ಅತ್ತೆ, ರಿಪೇರಿ ಮಾಡೋಕೆ ಇನ್ನೂ ಟೇಪು ಇದ್ಯಾ ನಿಮ್ಮ ಹತ್ರ?”

“ನಾಲ್ಕಿವೆ. ನಿನಗೆ ಕೊಡಲ್ಲ.”